ರಾಮಧಾನ್ಯಚರಿತೆಯ ಪರೀಕ್ಷೆಯೂ ಬೆಳಗಿನ ಊಟದ ಅಳತೆಯೂ

ಕನಕದಾಸರ ರಾಮಧಾನ್ಯಚರಿತೆಯು ಗಾತ್ರದಲ್ಲಿ ಕಿರಿದಾದರೂ ವಿಮರ್ಶಕರಿಗೆ ಹಲವು ಬಗೆಯಲ್ಲಿ ಒದಗಿಬಂದಿರುವ ಕಾವ್ಯ. ಭಾಮಿನೀ ಷಟ್ಪದಿಯ ಈ ಕೃತಿಯನ್ನು ಉಚ್ಚನೀಚಭೇದದ ರೂಪಕವೆಂದು ವಿವರಿಸುವುದು ಪಾಠಶಾಲೆಗಳಲ್ಲಿ ರೂಢಿಯಾಗಿದೆ. ಅದು ಯುಕ್ತವಾದ ವಿವರಣೆಯೇ. ಸಿರಿಧಾನ್ಯಗಳ ಪ್ರಶಂಸೆ ಹೆಚ್ಚಿರುವ ಈ ದಿನಗಳಲ್ಲಿ ಇನ್ನೊಂದು ಮಾತೂ ಕೇಳಿಬರುತ್ತದೆ. ರಾಗಿಯ ಪೌಷ್ಟಿಕತೆಯನ್ನು ದಾಸರು ಹದಿನಾರನೆಯ ಶತಮಾನದಲ್ಲಿಯೇ ಅರಿತು ಸಾರಿದರೆಂಬುದು ಆ ಮಾತು. ಕಾವ್ಯವು ಈ ಭಾರವನ್ನು ಹೊರಬಲ್ಲುದೇ ಎಂಬುದು ವಿಚಾರಾರ್ಹವಾಗಿದೆ.

ಗೌತಮರ ಆಶ್ರಮದಲ್ಲಿ ರಾಮನ ಮುಂದೆ ಧಾನ್ಯಗಳ ಹಿರಿಮೆಯ ಪ್ರಶ್ನೆ ಏಳುತ್ತದೆ. ನರೆದಲೆಗನೇ ಮೇಲೆಂದು ಮುನಿಯು ನುಡಿಯಲು ವ್ರೀಹಿಯು ಕೆರಳುತ್ತದೆ. ದೇವಕಾರ್ಯಕ್ಕೂ ಶುಭಕಾರ್ಯಕ್ಕೂ ತಾನೇ ಬೇಕಾದವನೆಂಬುದು ಅದರ ವಾದ. ಬಡವರನ್ನು ಕ್ಷಾಮದಲ್ಲಿ ಕಾಯುವವನು ತಾನೆಂಬುದು ನರೆದಲೆಗನ ಉತ್ತರ. ಒಂದು ಮಾನದಿಂದಲೂ ಇನ್ನೊಂದು ಬಳಕೆಯಿಂದಲೂ ಧಾನ್ಯವನ್ನು ಅಳೆಯುತ್ತಿರುವುದರಿಂದ ಈ ವ್ಯಾಜ್ಯವು ಮಾತಿನಲ್ಲಿ ಮುಗಿಯುವಂತಹುದಲ್ಲ. ರಾಮನು ಎರಡೂ ಅಳತೆಗಳನ್ನು ಬದಿಗಿರಿಸಿ ಮೂರನೆಯದೊಂದನ್ನು ತರುತ್ತಾನೆ: ಇಬ್ಬರಿಗೂ ಆರು ತಿಂಗಳ ಸೆರೆ. ಅವಧಿ ತೀರಿದಾಗ ವ್ರೀಹಿ ಸೊರಗಿದೆ, ನರೆದಲೆಗ ಗಟ್ಟಿಯಾಗಿಯೇ ಉಳಿದಿದೆ. ಗೆದ್ದವನಿಗೆ ರಾಘವನ ಹೆಸರು ದೊರೆಯುತ್ತದೆ. (ಆ ನಾಮನಿಷ್ಪತ್ತಿಯನ್ನು ಭಾಷಾಶಾಸ್ತ್ರದ ತಕ್ಕಡಿಯಲ್ಲಿ ತೂಗುವುದು ಅರಸಿಕತನವಾದೀತು.) ಪರೀಕ್ಷೆಗೆ ಒಳಗಾದುದು ಬಾಳಿಕೆಯೇ ಹೊರತು ಪೋಷಕಶಕ್ತಿಯಲ್ಲವೆಂಬುದು ಸ್ಪಷ್ಟ. ಬಾಳಿಕೆಯೇನೂ ಕ್ಷುಲ್ಲಕವಾದ ಗುಣವಲ್ಲ. ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತಿದ್ದುದರಿಂದ, ಮಳೆ ಕೈಕೊಟ್ಟ ವರ್ಷ ಬಯಲುಸೀಮೆಯ ಒಕ್ಕಲಿಗೆ ಪ್ರಾಣ ಉಳಿಸಿದ ಗುಣವೇ ಅದು. ಕವಿಯ ತೀರ್ಪಿಗೆ ಆಧಾರ ಇಲ್ಲಿದೆ. ರಸಾಯನಶಾಲೆಯಲ್ಲಿ ಅದನ್ನು ಹುಡುಕಬೇಕಾಗಿಲ್ಲ.

ಹುಡುಕಿದರೆ ದೊರೆಯುವುದಾದರೂ ಏನು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ನುಣುಪು ಮಾಡಿದ ಅಕ್ಕಿಯಲ್ಲಿ ಅದು 10ನ್ನೂ ಮುಟ್ಟದು. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3ಕ್ಕಿಂತ ಕಡಮೆ. ಇಷ್ಟಕ್ಕೆ ನಿಲ್ಲಿಸಿದರೆ ನರೆದಲೆಗನ ಜಯ ಪೂರ್ಣ. ಆದರೆ ಸಸಾರಜನಕದ ಸಾಲಿನಲ್ಲಿ ಅದೇ ಕೋಷ್ಟಕವು ರಾಗಿಗೆ 7.2 ಗ್ರಾಮನ್ನೂ ಅಕ್ಕಿಗೆ 7.9 ಗ್ರಾಮನ್ನೂ ಕೊಡುತ್ತದೆ. ಮೇಲಾಗಿ ರಾಗಿಯಲ್ಲಿರುವ ಫೈಟಿಕ್ ಆಮ್ಲವೂ ಒಗರಿನ ಅಂಶವೂ ಕಬ್ಬಿಣವು ಮೈಗೂಡುವುದನ್ನು ತಡೆಯುತ್ತವೆ; ಮೊಳಕೆ ಕಟ್ಟಿದಾಗ ಈ ತಡೆ ಬಹುಮಟ್ಟಿಗೆ ತಗ್ಗುತ್ತದೆ. ಹಾಗಾದರೆ ಅಳೆಯಬೇಕಾದುದು ಕಾಳನ್ನಲ್ಲ, ಬಟ್ಟಲನ್ನು.

ಬಟ್ಟಲನ್ನು ಅಳೆಯಹೊರಟವರಿಗೆ ಮೊದಲು ಎದುರಾಗುವ ತೊಡಕು ಭಾಷೆಯದು. ಸಾಹಿತ್ಯದ ಅಧ್ಯಾಪಕರು ಇದಕ್ಕೆ ಕಿವಿಗೊಡಬೇಕಾದುದೂ ಈ ಕಾರಣದಿಂದಲೇ. 1986ರಲ್ಲಿ ರೂಪುಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ 2007ರಲ್ಲಿ ರಾಮನಗರದ ಭಾಗವು ಬೇರ್ಪಟ್ಟ ಮೇಲೆ ಉಳಿದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳು ರಾಗಿಯ ಸೀಮೆಗಳು. ಇಲ್ಲಿನ ಹಳ್ಳಿಯ ನುಡಿಯಲ್ಲಿ 'ತಿನ್' ಧಾತುವಿನ ತಿಂಡಿ ಬೇರೆ, 'ಉಣ್' ಧಾತುವಿನ ಊಟ ಬೇರೆ. ಇಡ್ಲಿ, ಉಪ್ಪಿಟ್ಟು, ಚಿತ್ರಾನ್ನಗಳು ತಿಂಡಿ. ಹಿಟ್ಟು, ಎಂದರೆ ಮುದ್ದೆ, ಎಂದಿಗೂ ಊಟವೇ. ನಿನ್ನೆಯ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿದು ಹೊಲಕ್ಕಿಳಿದವಳನ್ನು, ಬಿಸಿಲೇರಿದ ಮೇಲೆ ಬದುವಿನ ಮೇಲೆ ಕುಳಿತು ಸೊಪ್ಪಿನ ಸಾರಿನಲ್ಲಿ ಹಿಟ್ಟು ಉಂಡವಳನ್ನು, "ಬೆಳಿಗ್ಗೆ ತಿಂಡಿ ಏನು ತಿಂದಿರಿ?" ಎಂದು ಕೇಳಿದರೆ "ತಿಂಡಿ ತಿನ್ನಲಿಲ್ಲ" ಎಂಬುದೇ ಅವಳ ಪಾಲಿಗೆ ಸತ್ಯವಾದ ಉತ್ತರ. ಪಟ್ಟಿಯಲ್ಲಿ ಮಾತ್ರ ಅವಳು ಬರಿಹೊಟ್ಟೆಯವಳಾಗಿ ದಾಖಲಾಗುತ್ತಾಳೆ. ಪತ್ರಿಕಾಭಾಷೆಯ 'ಉಪಾಹಾರ'ವು ಈ ತೊಡಕನ್ನು ಬಿಡಿಸಲಾರದು. ಅದು ಹೋಟೆಲಿನ ಹಲಗೆಯ ಮೇಲಿನ ಮಾತು.

ಕೇಳುವ ಮಾತು ಸರಿಹೋದರೂ ಎಣಿಕೆ ಉಳಿಯುತ್ತದೆ. ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಉಂಡುದನ್ನೆಲ್ಲ ನೆನಪಿಸಿ ಹೇಳಿಸುವುದು ಒಂದು ಪ್ರಸಿದ್ಧವಾದ ಕ್ರಮ. ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಸ್ತ್ರೀಯರಿಗಾಗಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2016ರಲ್ಲಿ ಮಾರ್ಗದರ್ಶಿಯನ್ನು ಪ್ರಕಟಿಸಿದ ಕ್ರಮದಲ್ಲಿ ಆಹಾರವು ಹತ್ತು ಗುಂಪು; ದಿನದಲ್ಲಿ ಐದಾದರೂ ಸೇರಬೇಕು; ಒಂದು ದೊಡ್ಡ ಚಮಚಕ್ಕಿಂತ ಕಡಮೆಯಾದುದು ಲೆಕ್ಕಕ್ಕಿಲ್ಲ. ಇಡೀ ದಿನಕ್ಕೆ ಮಾಡಿದ ಈ ಎಣಿಕೆಯನ್ನು ಬೆಳಗಿನ ಒಂದೇ ಹೊತ್ತಿಗೆ ತಂದು ತೀರ್ಪು ಕೊಡುವುದು ಸಲ್ಲದು; ಹೋಲಿಸಿ ನೋಡುವುದಕ್ಕೆ ಅಡ್ಡಿಯಿಲ್ಲ. ಮುದ್ದೆ, ಅವರೆಕಾಳು ಬೆರೆತ ಸೊಪ್ಪಿನ ಸಾರು, ಒಂದು ಲೋಟ ಗಟ್ಟಿ ಮಜ್ಜಿಗೆ ಇವುಗಳಲ್ಲಿ ನಾಲ್ಕು ಗುಂಪುಗಳುಂಟು. ಒಗ್ಗರಣೆಯ ನಾಲ್ಕು ಕಡಲೆಬೀಜ ಬಿಟ್ಟರೆ ಚಿತ್ರಾನ್ನದಲ್ಲಿ ಒಂದೇ ಒಂದು. ಆದರೆ ಸಾರಿನಲ್ಲಿ ಕಾಳು ಎಷ್ಟು, ನೀರು ಎಷ್ಟು ಎಂಬುದನ್ನು ಈ ಎಣಿಕೆ ಹೇಳದು. ನರೆದಲೆಗನು ಬಡವರ ಪಕ್ಷ ವಹಿಸಿ ಆಡಿದ ವಾದಕ್ಕೆ ಇಂದು ಎದುರು ನಿಲ್ಲುವುದು ವ್ರೀಹಿಯಲ್ಲ, ಆ ತೆಳುಸಾರು. ಅದನ್ನು ಅಳೆಯಬೇಕಾದರೆ ಮನೆಯ ಸೌಟನ್ನೇ ಮೊದಲು ಅಳತೆಗಿಟ್ಟು, ಬಡಿಸಿದವಳನ್ನೇ ಕೇಳಬೇಕಾಗುತ್ತದೆ. ಅದೂ ಮನೆಯವರೆಲ್ಲ ಉಂಡಾದ ಮೇಲೆ ಅವಳ ತಟ್ಟೆಗೆ ಬಿದ್ದುದು ಎಷ್ಟು ಸೌಟು ಎಂದು.