ವಿಶ್ವೇಶ್ವರರ ಮೂರು ಪ್ರಬಂಧಗಳು ಮತ್ತು ಉಲ್ಲೇಖದ ಲೆಕ್ಕ

ಸಿ.ವಿ. ವಿಶ್ವೇಶ್ವರ (1938–2017) ಅವರ ವೈಜ್ಞಾನಿಕ ಕೀರ್ತಿ ಮುಖ್ಯವಾಗಿ ಮೂರು ಪ್ರಬಂಧಗಳ ಮೇಲೆ ನಿಂತಿದೆ. ಮೂರೂ 1968ರಿಂದ 1970ರೊಳಗೆ ಅಚ್ಚಾದವು. ಕನ್ನಡದ ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗನಾಗಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಮೈಸೂರು ವಿಶ್ವವಿದ್ಯಾಲಯದ ಪದವಿ ಪಡೆದು ಅಮೆರಿಕಕ್ಕೆ ಹೋದರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಬಳಿ ಪಿಎಚ್.ಡಿ. ಮಾಡಿದರು. ಕಪ್ಪುಕುಳಿಗಳು ನಿಜವಾಗಿ ಇವೆಯೇ ಎಂಬುದು ಇನ್ನೂ ವಿವಾದದಲ್ಲಿದ್ದ ಕಾಲ ಅದು.

1968ರ ಪ್ರಬಂಧ ಕಪ್ಪುಕುಳಿಯ ಗಡಿಯನ್ನು ಕುರಿತದ್ದು. ತಿರುಗದ ಕಪ್ಪುಕುಳಿಯಲ್ಲಿ, ಯಾವ ವಸ್ತುವೂ ನಿಶ್ಚಲವಾಗಿ ನಿಲ್ಲಲಾಗದ ಎಲ್ಲೆಯೂ ಬೆಳಕು ಹೊರಬರಲಾಗದ ಎಲ್ಲೆಯಾದ ದಿಗಂತವೂ ಒಂದೇ. ತಿರುಗುವ ಕಪ್ಪುಕುಳಿಯಲ್ಲಿ ಇವೆರಡೂ ಬೇರೆಯಾಗುತ್ತವೆ. ಈ ಭೇದ ಇಂದು ಪಠ್ಯಪುಸ್ತಕಗಳ ಮೊದಲ ಪಾಠಗಳಲ್ಲೇ ಬರುತ್ತದೆ. 1970ರ ಎರಡನೆಯ ಪ್ರಬಂಧ ಇನ್ನೂ ಮೂಲಭೂತವಾದ ಪ್ರಶ್ನೆಯನ್ನು ಎತ್ತಿಕೊಂಡಿತು: ಕಪ್ಪುಕುಳಿಯನ್ನು ಸ್ವಲ್ಪ ಅಲುಗಾಡಿಸಿದರೆ ಅದು ಉಳಿಯುತ್ತದೆಯೇ, ಛಿದ್ರವಾಗುತ್ತದೆಯೇ? ಭೌತವಿಜ್ಞಾನಿಗಳಾದ ರೆಜ್ಜೆ ಮತ್ತು ವೀಲರ್ 1957ರಲ್ಲೇ ಈ ಪ್ರಶ್ನೆಗೆ ಕೈಹಾಕಿದ್ದರೂ ದಿಗಂತದ ಬಳಿ ಗಣಿತ ತೊಡಕಾಗಿ ನಿಂತಿತ್ತು. ವಿಶ್ವೇಶ್ವರ ದಿಗಂತದಲ್ಲಿ ಕೆಡದ ನಿರ್ದೇಶಾಂಕಗಳನ್ನು ಬಳಸಿ, ಬೆಳೆಯುತ್ತಾ ಹೋಗುವ ಕಂಪನಗಳು ಭೌತಿಕವಾಗಿ ಅಸಾಧ್ಯವೆಂದು ತೋರಿಸಿದರು. ಅಸ್ಥಿರವಾದ ವಸ್ತುವನ್ನು ಆಕಾಶದಲ್ಲಿ ಹುಡುಕಿ ಪ್ರಯೋಜನವಿಲ್ಲ. ಹುಡುಕಾಟಕ್ಕೆ ಅರ್ಥ ಬಂದದ್ದು ಇಂಥ ಕೆಲಸದಿಂದ.

ಮೂರನೆಯದು ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಬಂದ ಮೂರು ಪುಟಗಳ ಬರಹ. ಕಪ್ಪುಕುಳಿಯತ್ತ ಗುರುತ್ವದ ಅಲೆಯೊಂದನ್ನು ಗಣಿತದಲ್ಲೇ ಎಸೆದು, ಚದುರಿ ಬರುವುದೇನೆಂದು ಅವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಅಲೆಯ ಅಗಲವನ್ನು ಕಪ್ಪುಕುಳಿಯ ಗಾತ್ರಕ್ಕೆ ಹತ್ತಿರ ತಂದಾಗ, ಹೊರಬಂದ ಸಂಕೇತ ಹೊಡೆತ ತಿಂದ ಗುಡಿಯ ಗಂಟೆಯ ನಾದದಂತೆ ಕ್ರಮೇಣ ಕ್ಷೀಣಿಸಿತು. ಆ ಕಂಪನದ ಆವೃತ್ತಿ ಮತ್ತು ಕ್ಷೀಣಿಸುವ ವೇಗ ಎಸೆದ ಅಲೆಯನ್ನು ಅವಲಂಬಿಸಲಿಲ್ಲ. ಅವನ್ನು ನಿರ್ಧರಿಸಿದ್ದು ಕಪ್ಪುಕುಳಿಯ ರಾಶಿ. ಕ್ವಾಸಿನಾರ್ಮಲ್ ಮೋಡ್‌ಗಳೆಂದು ಹೆಸರಾದ ಈ ಕಂಪನಗಳು ಕಾಣದ ಕಪ್ಪುಕುಳಿಯನ್ನು ಗುರುತಿಸುವ ದಾರಿಯಾದವು.

2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆಗಳ ವೀಕ್ಷಣಾಲಯವಾದ ಲೈಗೋದ ಉಪಕರಣಗಳು ಮೊದಲ ಗುರುತ್ವ ಅಲೆಯನ್ನು ಹಿಡಿದವು. ಸೂರ್ಯನ ಸುಮಾರು 36 ಮತ್ತು 29 ಪಟ್ಟು ರಾಶಿಯ ಎರಡು ಕಪ್ಪುಕುಳಿಗಳು ಕೂಡಿ 62 ಪಟ್ಟಿನ ಒಂದಾದವು. ಕೊನೆಯ ಕಂಪನ ಸುಮಾರು 250 ಹರ್ಟ್ಸ್‌ನದು. ನಾಲ್ಕು ಮಿಲಿಸೆಕೆಂಡುಗಳ ಆಸುಪಾಸಿನಲ್ಲಿ ಅದು ಕುಗ್ಗಿತು. 2016ರ ಫೆಬ್ರವರಿಯಲ್ಲಿ ಪ್ರಕಟವಾದ ಶೋಧದ ಪ್ರಬಂಧ, ಕಪ್ಪುಕುಳಿಯ ಕಂಪನಗಳ ಪ್ರಸ್ತಾಪ ಬಂದಲ್ಲಿ ಮೊದಲು ಉಲ್ಲೇಖಿಸಿದ್ದು ವಿಶ್ವೇಶ್ವರರ 1970ರ ಬರಹವನ್ನು. ಅದನ್ನು ಕಂಡು, ಒಂದು ವರ್ಷ ಕಳೆಯುವ ಮುನ್ನ, 2017ರ ಜನವರಿಯಲ್ಲಿ ಅವರು ತೀರಿಕೊಂಡರು.

ಉಲ್ಲೇಖಗಳ ಎಣಿಕೆ ಈ ಸಾಧನೆಯನ್ನು ಎಷ್ಟರ ಮಟ್ಟಿಗೆ ಹಿಡಿಯುತ್ತದೆ? ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಸೂಚ್ಯಂಕದ ಪ್ರಕಾರ, ತಲಾ 20 ಬಾರಿಯಾದರೂ ಉಲ್ಲೇಖಗೊಂಡ 20 ಪ್ರಬಂಧಗಳಿದ್ದರೆ ಅಂಕ 20. ಮೂರೇ ಪ್ರಬಂಧಗಳು ಸಾವಿರ ಸಲ ಉಲ್ಲೇಖಗೊಂಡರೂ ಅವುಗಳಿಂದ ಬರುವ ಅಂಕ ಮೂರು. ಕಡಿಮೆ ಬರೆದು ಆಳಕ್ಕಿಳಿದವರಿಗೆ ಈ ಅಳತೆ ಅನ್ಯಾಯ ಮಾಡುತ್ತದೆ. ಲೈಗೋ ಪ್ರಬಂಧಕ್ಕೆ ಸಾವಿರಕ್ಕೂ ಹೆಚ್ಚು ಲೇಖಕರಿದ್ದಾರೆ. ಅದಕ್ಕೆ ಬಂದ ಸಾವಿರಾರು ಉಲ್ಲೇಖಗಳು ಪ್ರತಿಯೊಬ್ಬರ ಖಾತೆಗೂ ಪೂರ್ತಿಯಾಗಿ ಜಮೆಯಾಗುತ್ತವೆ. ಅದಕ್ಕೆ ದಾರಿ ಮಾಡಿಕೊಟ್ಟ 1970ರ ಬರಹಕ್ಕೆ ದಕ್ಕುವುದು ಒಂದೇ ಒಂದು. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ ಇನ್ನೊಂದು ತೊಡಕೂ ಇಲ್ಲಿದೆ: ವಿಚಾರವೊಂದು ಎಲ್ಲರ ತಿಳಿವಳಿಕೆಯಲ್ಲಿ ಬೆರೆತುಹೋದ ಮೇಲೆ ಮೂಲ ಲೇಖಕನ ಹೆಸರು ಹೇಳುವ ಅಗತ್ಯವೇ ಯಾರಿಗೂ ತೋರುವುದಿಲ್ಲ. ಕಂಪನಗಳ ಬಗ್ಗೆ ಬರೆಯುವ ಅನೇಕರು ಈಗ ಸಮೀಕ್ಷಾ ಲೇಖನಗಳನ್ನು ಉಲ್ಲೇಖಿಸಿ ಮುಂದೆ ಹೋಗುತ್ತಾರೆ.

ಭಾರತಕ್ಕೆ ಮರಳಿ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಆಮೇಲೆ ಭಾರತೀಯ ಖಭೌತ ಸಂಸ್ಥೆಯಲ್ಲೂ ಅವರು ಮಾಡಿದ ಕೆಲಸ ಈ ಎತ್ತರದ್ದಲ್ಲ ಎಂಬುದನ್ನು ಒಪ್ಪಬೇಕು. ಬಾಲಾ ಅಯ್ಯರ್ ಜೊತೆ 1993ರಲ್ಲಿ ಪ್ರಕಟಿಸಿದ, ವಕ್ರ ದೇಶಕಾಲದಲ್ಲಿ ಗೈರೋಸ್ಕೋಪಿನ ಅಕ್ಷಚಲನೆ ಕುರಿತ ಪ್ರಬಂಧ ರೇಖಾಗಣಿತದ ದೃಷ್ಟಿಯಿಂದ ಸೊಗಸಾದದ್ದು. ವಿಶ್ವವಿಜ್ಞಾನಕ್ಕೆ ನೇರವಾಗಿ ಸೇರುವ ಕೆಲಸವೆಂದರೆ ಖಾಲಿ ದೇಶದ ಬದಲು ಐನ್‌ಸ್ಟೈನ್ ವಿಶ್ವದೊಳಗೆ ಕಪ್ಪುಕುಳಿಯನ್ನಿಟ್ಟು ನೋಡಿದ ಪ್ರಬಂಧಗಳು. ಸುತ್ತಲಿನ ವಿಶ್ವ ಬದಲಾದರೆ ಕಪ್ಪುಕುಳಿಯ ಗುಣವೂ ಬದಲಾದೀತೇ ಎಂಬ ಅಲ್ಲಿನ ಪ್ರಶ್ನೆ ಒಳ್ಳೆಯದು. ಅದಕ್ಕೆ ತಕ್ಕ ವೀಕ್ಷಣೆ ಒದಗದೆ ಓದುಗವಲಯ ಚಿಕ್ಕದಾಗಿಯೇ ಉಳಿಯಿತು.

ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಅವರು ಸ್ಥಾಪಕ ನಿರ್ದೇಶಕರು. 1989ರಲ್ಲಿ ಆರಂಭವಾದ ಅದನ್ನು ಆಕಾಶ ತೋರಿಸುವ ಸಭಾಂಗಣಕ್ಕೆ ಸೀಮಿತಗೊಳಿಸದೆ, ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆಯ ತರಬೇತಿ ಕೊಡುವ ಜಾಗವಾಗಿಯೂ ಬೆಳೆಸಿದರು. ಇದು ಯಾವ ಉಲ್ಲೇಖ ಸೂಚಿಗೂ ಸೇರುವುದಿಲ್ಲ.

ಹೀಗೆ ಲೆಕ್ಕಕ್ಕೆ ಸಿಗದ ಕೆಲಸವಿದ್ದರೂ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2010ರ ನಿಯಮಾವಳಿ ಅಧ್ಯಾಪಕರ ಪ್ರಕಟಣೆಗಳನ್ನು ಅಂಕಗಳಾಗಿ ಎಣಿಸುವ ಪದ್ಧತಿ ತಂದಿತು. ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗಷ್ಟೇ ಅಲ್ಲ, ಹೊಳಲ್ಕೆರೆ, ಹೊಸದುರ್ಗದಂಥ ತಾಲ್ಲೂಕುಗಳ ಅಧ್ಯಾಪಕರಿಗೂ ಎಣಿಕೆಯ ಚಿಂತೆ ಮುಟ್ಟಿದೆ. ಉಲ್ಲೇಖಗಳನ್ನು ಎಣಿಸುವುದು ತಪ್ಪಲ್ಲ. ಒಂದು ಬರಹ ಯಾರ ಕೈಗೆ ಹೋಯಿತು ಎಂಬುದರ ಸುಳಿವು ಅದರಲ್ಲಿದೆ. ಆದರೆ 1970ರ ಮೂರು ಪುಟಗಳು ವೀಕ್ಷಣೆಯಲ್ಲಿ ನಿಜವಾಗಲು 45 ವರ್ಷ ಬೇಕಾಯಿತು. ಮೌಲ್ಯಮಾಪನ ಸಮಿತಿಗಳು ಅಂಕಪಟ್ಟಿ ತೆರೆಯುವ ಮುನ್ನ ಪ್ರಬಂಧವನ್ನು ಓದಬೇಕು.