ಬರೆದುಕೊಟ್ಟವರಿಲ್ಲದ ಕ್ರಯಪತ್ರ

ಕಂಪ್ಯೂಟರಿನಲ್ಲಿ ಗೇಮ್ ಆಡುವವರ ನಡುವೆ 'ಸ್ಟೀಮ್' ಎಂಬ ಆನ್‌ಲೈನ್ ಅಂಗಡಿಯ ಬಗ್ಗೆ ಕೆಟ್ಟ ಮಾತಾಡುವುದು ಈಗ ಅಸಭ್ಯತೆ ಎನಿಸಿಕೊಂಡಿದೆ. ಎಪಿಕ್ ಅಂಗಡಿಯನ್ನು ಬೈಯಬಹುದು, ಯೂಬಿಸಾಫ್ಟ್‌ನ ಲಾಂಚರನ್ನು ಗೇಲಿ ಮಾಡಬಹುದು, ಇಎ ಕಂಪನಿಯ ಹೆಸರು ಬಂದರೆ ಮುಖ ಸಿಂಡರಿಸಬಹುದು. ಸ್ಟೀಮ್ ಮಾತ್ರ ಮನೆಯ ಹಿರಿಯ. ಎದುರು ಕೂತು ಲೆಕ್ಕ ಕೇಳುವಂತಿಲ್ಲ. ಬೇಸಿಗೆಯ ರಿಯಾಯಿತಿ ಮಾರಾಟ ಶುರುವಾದ ಕೂಡಲೇ ಪೀಸಿ ಗೇಮಿಂಗನ್ನು ಉಳಿಸಿದ್ದು ಸ್ಟೀಮ್ ಎಂಬ ಸ್ತೋತ್ರವೂ ಶುರುವಾಗುತ್ತದೆ. ಈ ಕೀರ್ತಿಯಲ್ಲಿ ಅರ್ಧ ನಿಜ, ಇನ್ನರ್ಧ ಅಭ್ಯಾಸಬಲ. ನನ್ನ ತೀರ್ಮಾನವನ್ನು ಮುಚ್ಚಿಟ್ಟು ಆಡುವುದಿಲ್ಲ: ಸ್ಟೀಮ್ ಅಚ್ಚುಕಟ್ಟಾದ ಉಗ್ರಾಣ, ಒಳ್ಳೆಯ ಮೇಲ್ವಿಚಾರಕ. ಅಂಗಡಿ ಎಂಬ ಬೋರ್ಡಿಗೆ ಮಾತ್ರ ಅದು ಅರ್ಹವಲ್ಲ, ಏಕೆಂದರೆ ಅಲ್ಲಿ ಏನನ್ನೂ ಮಾರುವುದಿಲ್ಲ.

ಒಳ್ಳೆಯದನ್ನು ಮೊದಲು ಒಪ್ಪಿಬಿಡೋಣ. ಬೆಂಗಳೂರಿನ ಎಸ್.ಪಿ. ರಸ್ತೆಯ ಪ್ಲಾಸ್ಟಿಕ್ ಕವರಿನ ಕಳ್ಳ ಸಿ.ಡಿ.ಗಳ ಕಾಲದಿಂದ ಬಂದವನು ನಾನು. ಅಸಲಿ ಗೇಮ್ ಎಂದರೆ ಅಮೆರಿಕದಿಂದ ಬರುವ ಚಿಕ್ಕಪ್ಪ ಪೆಟ್ಟಿಗೆಯಲ್ಲಿ ತರುವ ವಸ್ತು ಎಂದುಕೊಂಡಿದ್ದ ಪೀಳಿಗೆ ನಮ್ಮದು. ಅಂಥವರಿಗೆ 2015ರಲ್ಲಿ ಸ್ಟೀಮ್ ರೂಪಾಯಿಯಲ್ಲೇ ಬೆಲೆ ತೋರಿಸತೊಡಗಿದ್ದು ಸಣ್ಣ ಸಂಗತಿಯಲ್ಲ. ಇವತ್ತು ಯುಪಿಐನಲ್ಲಿ ದುಡ್ಡು ಕಟ್ಟಿ, ಊಟ ಮುಗಿಸಿ ಬರುವಷ್ಟರಲ್ಲಿ ಗೇಮ್ ಇಳಿದಿರುತ್ತದೆ. ಎಲ್ಲಿಗೆ ನಿಲ್ಲಿಸಿದ್ದೆವೋ ಅಲ್ಲಿಂದ ಬೇರೆ ಕಂಪ್ಯೂಟರಿನಲ್ಲಿ ಮುಂದುವರಿಸಬಹುದು. 2018ರಲ್ಲಿ ಬಂದ ಪ್ರೋಟಾನ್ ಎಂಬ ತಂತ್ರಾಂಶದಿಂದ ಅನೇಕ ವಿಂಡೋಸ್ ಗೇಮುಗಳು ಲಿನಕ್ಸ್‌ನಲ್ಲೂ ಓಡುತ್ತವೆ. ನೂರು ಡಾಲರ್ ಶುಲ್ಕ ಕಟ್ಟಿದರೆ ಚಿಕ್ಕ ತಂಡಗಳಿಗೂ ಜಾಗ ಸಿಗುತ್ತದೆ. ಪುಣೆಯ ನಾಡಿಂಗ್ ಹೆಡ್ಸ್ ತಂಡದ ಗೇಮ್ 'ರಾಜಿ' 2020ರಲ್ಲಿ ಈ ಬಾಗಿಲಿನಿಂದಲೂ ಹೊರಜಗತ್ತಿಗೆ ಕಾಣಿಸಿತು.

ಆದರೆ ಸ್ತೋತ್ರಕಾರರು ಇಷ್ಟಕ್ಕೆ ನಿಲ್ಲುವುದಿಲ್ಲ. ಅವರಿಗೆ ಸ್ಟೀಮ್‌ನ ಔದಾರ್ಯವೂ ಬೇಕು. ಎರಡು ಗಂಟೆಗಿಂತ ಕಡಿಮೆ ಆಡಿದ ಗೇಮನ್ನು ಹದಿನಾಲ್ಕು ದಿನದೊಳಗೆ ಹಿಂದಿರುಗಿಸಿದರೆ ದುಡ್ಡು ವಾಪಸ್, ಎಂಥ ದೊಡ್ಡ ಮನಸ್ಸು ಎನ್ನುತ್ತಾರೆ. ಈ ನಿಯಮ ಬಂದದ್ದು 2015ರ ಜೂನ್‌ನಲ್ಲಿ. ಹಣ ಹಿಂದಿರುಗಿಸುವ ವಿಚಾರದಲ್ಲಿ ಗ್ರಾಹಕರ ದಾರಿ ತಪ್ಪಿಸಿದ್ದಕ್ಕೆ ಆಸ್ಟ್ರೇಲಿಯದ ಸ್ಪರ್ಧಾ ಮತ್ತು ಗ್ರಾಹಕ ಆಯೋಗ ಸ್ಟೀಮ್‌ನ ಒಡೆಯ ಕಂಪನಿ ವಾಲ್ವ್ ಮೇಲೆ ಮೊಕದ್ದಮೆ ಹೂಡಿದ್ದು 2014ರಲ್ಲಿ. 2016ರಲ್ಲಿ ಅಲ್ಲಿನ ನ್ಯಾಯಾಲಯ ಮೂವತ್ತು ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಎಲ್ಲರೂ ಉಗಿಯುತ್ತಿದ್ದ ಇಎ ಕಂಪನಿಯ ಅಂಗಡಿ ಆರಿಜಿನ್ ತನ್ನ ಗೇಮುಗಳಿಗೆ ಇಂಥದೇ ಸೌಲಭ್ಯವನ್ನು 2013ರಲ್ಲೇ ಕೊಟ್ಟಿತ್ತು. ಚಿಕ್ಕ ತಂಡಗಳ ಪೋಷಕ ಎಂಬ ಬಿರುದೂ ಹಾಗೆಯೇ. 2018ರ ಕೊನೆಯಲ್ಲಿ ಸ್ಟೀಮ್ ಮಾರಾಟದ ಹಣದಲ್ಲಿ ತನ್ನ ಶೇ. 30ರ ಪಾಲನ್ನು ಇಳಿಸಿತು ನಿಜ. ಒಂದು ಕೋಟಿ ಡಾಲರ್ ಮೀರಿದ ವಹಿವಾಟಿಗೆ ಶೇ. 25, ಐದು ಕೋಟಿ ಮೀರಿದರೆ ಶೇ. 20. ಇಬ್ಬರು ಮೂವರು ಸೇರಿ ಗೇಮ್ ಮಾಡುವ ಬಡ ತಂಡ ಇವತ್ತಿಗೂ ಶೇ. 30 ಕಟ್ಟುತ್ತದೆ. ಕೆಲವೇ ದಿನಗಳಲ್ಲಿ ಬಾಗಿಲು ತೆರೆದ ಎಪಿಕ್ ಎಲ್ಲರಿಗೂ ಶೇ. 12 ಎಂದಿತು. ಬೈಗುಳ ಬಿದ್ದದ್ದು ಎಪಿಕ್‌ಗೆ.

ಇವೆಲ್ಲ ಪಕ್ಕದ ಮಾತು. ನನಗೆ ಬಿಡದೆ ಕಾಡುತ್ತಿರುವುದು ಒಂದೇ ಒಂದು ವಾಕ್ಯ.

ಡಿಜಿಟಲ್ ಸರಕಿಗೆ 'ಖರೀದಿಸಿ' ಎಂಬ ಪದ ಬಳಸುವವರು ಅದು ಬರಿಯ ಪರವಾನಗಿ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕೆಂದು 2024ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಕಾನೂನು ಮಾಡಿತು. ಜಾರಿ 2025ರ ಜನವರಿಯಿಂದ. ಅದಕ್ಕೂ ಮೊದಲೇ, ಅಕ್ಟೋಬರ್‌ನಲ್ಲಿ, ಸ್ಟೀಮ್‌ನ ದುಡ್ಡು ಕಟ್ಟುವ ಪುಟದಲ್ಲಿ ಸಣ್ಣಕ್ಷರದ ಒಂದು ಸೂಚನೆ ಕಾಣಿಸಿಕೊಂಡಿತು. ಕನ್ನಡದಲ್ಲಿ ಹೇಳುವುದಾದರೆ ಅದರ ತಾತ್ಪರ್ಯ ಇಷ್ಟು: ಡಿಜಿಟಲ್ ಉತ್ಪನ್ನದ ಖರೀದಿಯು ಸ್ಟೀಮ್‌ನಲ್ಲಿ ಆ ಉತ್ಪನ್ನದ ಪರವಾನಗಿಯನ್ನು ಕೊಡುತ್ತದೆ, ಪೂರ್ತಿ ವಿವರಕ್ಕೆ ಚಂದಾದಾರರ ಒಪ್ಪಂದ ನೋಡಿ. ವಿಮರ್ಶಕರು ಇದನ್ನು ಪ್ರಾಮಾಣಿಕತೆಯ ಮಾದರಿ ಎಂದು ಮೆಚ್ಚಿಕೊಂಡರು. ಕಾನೂನಿನ ಬೆತ್ತ ಕಂಡ ಮೇಲೆ ಬಂದ ಪ್ರಾಮಾಣಿಕತೆ ಎಂಬುದನ್ನೂ ಬಿಡೋಣ. ವಾಕ್ಯವನ್ನೇ ಓದೋಣ.

ಮೊದಲು ಕರ್ತೃಪದ. ಪರವಾನಗಿ ಕೊಡುವವರು ಯಾರು? ವಾಲ್ವ್ ಅಲ್ಲ, ಗೇಮ್ ಮಾಡಿದವರೂ ಅಲ್ಲ. 'ಖರೀದಿ' ಕೊಡುತ್ತದೆಯಂತೆ. ಕೊಂಡವನ ಕ್ರಿಯೆಯೇ ಕೊಂಡವನಿಗೆ ಕೊಡುತ್ತದೆ! ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಮರದಡಿ ಕೂತ ಪತ್ರಬರಹಗಾರ ಇಂಥ ವಾಕ್ಯ ಬರೆದರೆ ಅವನ ಪೆನ್ನು ಕಿತ್ತುಕೊಳ್ಳುತ್ತಾರೆ. ಯಾವ ಕ್ರಯಪತ್ರವೂ 'ಬರೆದುಕೊಟ್ಟವರು' ಮತ್ತು 'ಬರೆಸಿಕೊಂಡವರು' ಯಾರೆಂದು ಹೇಳದೆ ಮುಂದಕ್ಕೆ ಹೋಗುವುದಿಲ್ಲ. ನಾಳೆ ತಕರಾರು ಬಂದರೆ ಯಾರ ಮನೆ ಬಾಗಿಲು ತಟ್ಟಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಸ್ಟೀಮ್‌ನ ವಾಕ್ಯದಲ್ಲಿ ಬರೆಸಿಕೊಂಡವನಿದ್ದಾನೆ, ದುಡ್ಡೂ ಅವನದೇ. ಬರೆದುಕೊಟ್ಟವರ ಜಾಗ ಖಾಲಿ.

ಎರಡನೆಯದು 'ಸ್ಟೀಮ್‌ನಲ್ಲಿ' ಎಂಬ ಸಪ್ತಮೀ ವಿಭಕ್ತಿ. ಆ ಪರವಾನಗಿ ಇರುವುದು ಒಂದು ಜಾಗದಲ್ಲಿ ಮಾತ್ರ. ಜಾಗ ಅವರದು, ಬಾಗಿಲೂ ಅವರದು. ಬಾಗಿಲಿನ ಅಳತೆ ಬದಲಾದರೆ ಒಳಗಿನ ಸಾಮಾನು ಸರಿಯಾಗಿದ್ದರೂ ನಮಗೆ ಎಟುಕದು. 2019ರ ಜನವರಿ 1ರಿಂದ ವಿಂಡೋಸ್ ಎಕ್ಸ್‌ಪಿ ಮತ್ತು ವಿಸ್ತಾದಲ್ಲಿ ಸ್ಟೀಮ್ ಓಡುವುದು ನಿಂತಿತು. ಎಕ್ಸ್‌ಪಿಗೆಂದೇ ಮಾಡಿದ ಗೇಮಿತ್ತು, ಎಕ್ಸ್‌ಪಿ ಇದ್ದ ಗಟ್ಟಿಮುಟ್ಟಾದ ಯಂತ್ರವೂ ಇತ್ತು; ನಡುವಿನ ದ್ವಾರಪಾಲಕನಿಗೆ ಮಾತ್ರ ವಯಸ್ಸಾಗಿತ್ತು.

ಮೂರನೆಯದು ನನಗೆ ಅತ್ಯಂತ ರುಚಿಸಿದ ಪದ: ಚಂದಾದಾರ. ಆ ಒಪ್ಪಂದವನ್ನು ಬಿಚ್ಚಿದರೆ ಅದರಲ್ಲಿ ನೀವು ಗಿರಾಕಿ ಅಲ್ಲ, ಚಂದಾದಾರ. ನೀವು ದುಡ್ಡು ಕೊಟ್ಟ ಒಂದೊಂದು ಗೇಮಿಗೂ ಅಲ್ಲಿ ಚಂದಾ ಎಂದೇ ಹೆಸರು. ಸರಕನ್ನು ಮಾರಿಲ್ಲ, ಪರವಾನಗಿ ಕೊಟ್ಟಿದೆ ಎಂದು ನೇರವಾಗಿಯೇ ಇದೆ. ಅಂಗಡಿಯ ಮುಂಬಾಗಿಲಲ್ಲಿ 'ಖರೀದಿ', ಹಿತ್ತಿಲ ಬಾಗಿಲಲ್ಲಿ 'ಚಂದಾ'. ಚಂದಾದಾರ ಎಂದರೆ ಯಾರು ಎಂಬುದು ಪತ್ರಿಕೆ ಓದುವ ಕನ್ನಡಿಗರಿಗೆ ಗೊತ್ತು. ನನ್ನ ಅಜ್ಜನ ಮನೆಯ ಅಟ್ಟದ ಮೇಲೆ ಹಳೆಯ ವಾರಪತ್ರಿಕೆಗಳ ಕಟ್ಟುಗಳಿದ್ದವು. ಅಜ್ಜ ಚಂದಾ ನಿಲ್ಲಿಸಿದ ಮರುದಿನ ಪೇಪರಿನ ಹುಡುಗ ಬಂದು ಅಟ್ಟ ಹತ್ತಲಿಲ್ಲ. ಸ್ಟೀಮ್‌ನ ಚಂದಾದಾರನಿಗೆ ಆ ಅಟ್ಟವೇ ಇಲ್ಲ. ಖಾತೆ ಮುಚ್ಚಿದರೆ ಹಳೆಯ ಸಂಚಿಕೆಗಳೂ ಮುಚ್ಚಿದಂತೆ.

ನಮ್ಮ ಗೇಮುಗಳ ಪಟ್ಟಿಗೆ ಸ್ಟೀಮ್ ಇಟ್ಟ ಹೆಸರು 'ಲೈಬ್ರರಿ'. ಇಂಗ್ಲಿಷಿನಲ್ಲಿ ಆ ಪದ ಮನೆಯ ಸ್ವಂತ ಸಂಗ್ರಹಕ್ಕೂ ಸಲ್ಲುತ್ತದೆ, ಊರಿನ ವಾಚನಾಲಯಕ್ಕೂ ಸಲ್ಲುತ್ತದೆ. ಆ ಎರಡರ್ಥದ ಮಂಪರಿನಲ್ಲೇ ವ್ಯಾಪಾರ ನಡೆಯುತ್ತದೆ. ಕನ್ನಡದ ಬಾಯಲ್ಲಿ ಲೈಬ್ರರಿ ಎಂದರೆ ಎರವಲು ತಂದು ವಾಪಸ್ ಕೊಡುವ ಜಾಗ. ಅರಿವಿಲ್ಲದೆಯೇ ಸ್ಟೀಮ್ ಕನ್ನಡದಲ್ಲಿ ನಿಜ ಹೇಳಿದೆ.

ಕ್ರಯಪತ್ರದ ಕೊನೆಗೆ ಒಂದು ಮಾಮೂಲು ಒಕ್ಕಣೆ ಇರುತ್ತದೆ: ಸ್ವತ್ತನ್ನು ಪುತ್ರ ಪೌತ್ರ ಪಾರಂಪರ್ಯವಾಗಿ, ದಾನ, ವಿಕ್ರಯಾದಿ ಪರಭಾರೆಗಳಿಗೆ ಯೋಗ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು. ಸ್ಟೀಮ್‌ನ ಗೇಮನ್ನು ಈ ಒಕ್ಕಣೆಯ ಪಕ್ಕ ಇಟ್ಟು ನೋಡಿ. ದಾನ ಉಂಟೇ? ಹೊಸದಾಗಿ ಕೊಂಡು ಉಡುಗೊರೆ ಕೊಡಬಹುದು. ಆಡಿ ಮುಗಿಸಿದ್ದನ್ನು ಕೊಡುವಂತಿಲ್ಲ. ವಿಕ್ರಯ? ಫ್ರಾನ್ಸಿನ ಗ್ರಾಹಕ ಸಂಘ 'ಯುಎಫ್‌ಸಿ ಕ್ ಶ್ವಾಜಿರ್' 2015ರಲ್ಲಿ ದಾವೆ ಹೂಡಿತು. ಮರುಮಾರಾಟದ ಹಕ್ಕು ಉಂಟೆಂದು 2019ರಲ್ಲಿ ಪ್ಯಾರಿಸ್‌ನ ಕೋರ್ಟು ಹೇಳಿತು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಪುತ್ರ ಪೌತ್ರ? ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವುದನ್ನು ಒಪ್ಪಂದ ನಿಷೇಧಿಸುತ್ತದೆ. "ಮಾವ, ನಿಮ್ಮ ಗೇಮೆಲ್ಲ ಮುಂದೆ ನಂಗೇ ಅಲ್ವಾ?" ಎಂದು ತಂಗಿಯ ಮಗ ಕೇಳಿದಾಗ ಹೂಂ ಅಂದೆ. ಸುಳ್ಳು ಹೇಳಿದೆ.

ಇಲ್ಲಿ ನಮ್ಮ ವಿಮರ್ಶಕ ಮಿತ್ರರ ಒಂದು ಜಾಣ ವಾದವನ್ನು ಎದುರಿಸಬೇಕು. ಸಿ.ಡಿ. ಕಾಲದಲ್ಲೂ ನೀವು ಕೊಂಡದ್ದು ಪರವಾನಗಿಯನ್ನೇ, ಪೆಟ್ಟಿಗೆಯೊಳಗಿನ ಚೀಟಿ ಓದಿರಲಿಲ್ಲ ಅಷ್ಟೆ, ಈಗ ಯಾಕೆ ಗೋಳು ಎನ್ನುತ್ತಾರೆ. ಈ ಮಾತು ಹೇಳಿ ತುಟಿಯಂಚಿನಲ್ಲಿ ನಗುವುದು ಒಂದು ಶೈಲಿಯೇ ಆಗಿಬಿಟ್ಟಿದೆ. ಕಾನೂನಿನ ಅಕ್ಷರದ ಮಟ್ಟಿಗೆ ಅವರ ಮಾತು ಸರಿ. ಆದರೆ ಹಕ್ಕು ಬೇರೆ, ಸ್ವಾಧೀನ ಬೇರೆ ಎಂಬುದನ್ನು ಗೇಣಿ ಕಂಡ ನಾಡಿನವರಿಗೆ ಹೇಳಿಕೊಡಬೇಕಿಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿ ನೆಲದ ಹಕ್ಕು ಕೋರುವ ಫಾರಂ 7 ಹಿಡಿದು ನಿಂತ ಗೇಣಿದಾರನ ಬಳಿ ಹಕ್ಕುಪತ್ರ ಇರಲಿಲ್ಲ. ನೆಲ ಅವನ ನೇಗಿಲಿನ ಕೆಳಗಿತ್ತು. ಅವನ ವಾದಕ್ಕೆ ಬಲ ಬಂದದ್ದು ಅಲ್ಲಿಂದ. ಸಿ.ಡಿ.ಯ ಹಕ್ಕು ಕಂಪನಿಯದಾಗಿತ್ತು, ಸ್ವಾಧೀನ ನನ್ನದಾಗಿತ್ತು. ಸ್ಟೀಮ್‌ನಲ್ಲಿ ಎರಡೂ ನನ್ನವಲ್ಲ.

ವ್ಯತ್ಯಾಸ ಏನೆಂದು ತಿಳಿಯಲು 'ಜಿಟಿಎ: ಸ್ಯಾನ್ ಆಂಡ್ರಿಯಸ್' ಸಾಕು. ಕಾರು ಓಡಿಸುತ್ತ ರೇಡಿಯೊ ಕೇಳುವುದು ಆ ಗೇಮಿನ ಅರ್ಧ ಜೀವ. 2014ರಲ್ಲಿ ಸ್ಟೀಮ್ ಮೂಲಕ ಬಂದ ಒಂದು ಅಪ್‌ಡೇಟ್ ಅದರ ಹಲವು ಹಾಡುಗಳನ್ನು ತೆಗೆದುಹಾಕಿತು. 2018ರಲ್ಲಿ ಜಿಟಿಎ ನಾಲ್ಕನೆಯದಕ್ಕೂ ಇದೇ ಗತಿ. ಹಾಡುಗಳ ಪರವಾನಗಿ ಅವಧಿ ಮುಗಿದಿತ್ತು. ಕಪಾಟಿನಲ್ಲಿದ್ದ ಡಿಸ್ಕಿನಲ್ಲಿ ಹಾಡುಗಳು ಹಾಗೆಯೇ ಇದ್ದವು. ಎರಡೂ ಪರವಾನಗಿಯೇ ಎನ್ನುವ ಪಂಡಿತರು ಈ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಆಡಿ ನೋಡಲಿ.

ಡಿಸ್ಕನ್ನು ಹಣೆಗೊತ್ತಿಕೊಳ್ಳುವ ಇನ್ನೊಂದು ಪಂಗಡವೂ ನನಗೆ ಒಗ್ಗದು. ಡಿಸ್ಕ್ ಕೈಲಿದ್ದರೆ ಎಲ್ಲ ಸರಿ ಎನ್ನುವವರು 2004ರ ನವೆಂಬರನ್ನು ಮರೆತಿದ್ದಾರೆ. 'ಹಾಫ್-ಲೈಫ್ 2' ಡಿಸ್ಕನ್ನು ಅಂಗಡಿಯಿಂದ ತಂದವರೂ ಸ್ಟೀಮ್‌ಗೆ ಸೇರಿ, ಇಂಟರ್ನೆಟ್ಟಿನಲ್ಲಿ ಅನುಮತಿ ಪಡೆದೇ ಆಡಬೇಕಾಗಿತ್ತು. ಯೂಬಿಸಾಫ್ಟ್ 2014ರಲ್ಲಿ ತಂದ 'ದಿ ಕ್ರೂ' ಗೇಮಿನ ಸರ್ವರನ್ನು 2024ರ ಮಾರ್ಚ್ 31ರಂದು ಮುಚ್ಚಿದಾಗ ಡಿಸ್ಕ್ ಇದ್ದವರ ಕೈಯಲ್ಲೂ ಉಳಿದದ್ದು ಬರಿ ಬಿಲ್ಲೆ. ಅದರ ಬೆನ್ನಿಗೇ ಯೂಟ್ಯೂಬರ್ ರಾಸ್ ಸ್ಕಾಟ್ ಶುರುಮಾಡಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಕಂಡಿತು. ಸ್ವಾಧೀನ ಎಂದರೆ ಪ್ಲಾಸ್ಟಿಕ್ ಕೈಲಿರುವುದಲ್ಲ, ಯಾರ ಅಪ್ಪಣೆಯೂ ಇಲ್ಲದೆ ಗೇಮ್ ಓಡುವುದು.

2004ರಲ್ಲಿ ಸ್ಟೀಮನ್ನು ಬೈದವರೇ ಇವತ್ತು ಹೊಗಳುತ್ತಿರುವುದು ಏಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಅಂದಿನ ದೂರಿನಲ್ಲಿ ಎರಡು ಎಳೆಗಳಿದ್ದವು: ನೆಟ್ ನಿಧಾನ, ಮತ್ತು ಆಡಲು ಅಪ್ಪಣೆ ಬೇಕು. ಬ್ರಾಡ್‌ಬ್ಯಾಂಡ್ ಬಂದು ಮೊದಲನೆಯದನ್ನು ವಾಸಿ ಮಾಡಿತು. ಅಪ್ಪಣೆ ಬೇಗ ಸಿಗತೊಡಗಿದ್ದರಿಂದ ಅಪ್ಪಣೆಯೇ ಇಲ್ಲವಾಯಿತು ಎಂದು ಜನ ಭ್ರಮಿಸಿದರು. ಮಳೆಗಾಲದಲ್ಲಿ ಮಲೆನಾಡಿನ ನಮ್ಮ ಮನೆಗೆ ಬಂದರೆ ಈ ಭ್ರಮೆ ಹರಿಯುತ್ತದೆ. ಮೂರು ದಿನ ನೆಟ್ ಇಲ್ಲದ ಒಂದು ಸಂಜೆ, ಒಬ್ಬನೇ ಆಡುವ ಗೇಮೊಂದನ್ನು ತೆರೆಯಲು ಹೋದೆ. ಯಾವ ಕಂಪನಿಯದೆಂದು ಹೇಳುವುದಿಲ್ಲ, ಅದರ ಲಾಂಚರ್ ತನ್ನ ಸರ್ವರ್ ಜೊತೆ ಮಾತಾಡದೆ ಬಾಗಿಲು ತೆಗೆಯುವುದಿಲ್ಲ ಎಂದಿತು. ಜನರೇಟರ್ ನನ್ನದು, ಕಂಪ್ಯೂಟರ್ ನನ್ನದು, ಸಂಜೆಯೂ ನನ್ನದೇ.

ಆ ಸಂಜೆಯನ್ನು ಉಳಿಸಿದ್ದು ಜಿಓಜಿಯಿಂದ ಹಿಂದೆಂದೋ ಇಳಿಸಿಟ್ಟಿದ್ದ ಒಂದು ಫೈಲು. ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ 2008ರಲ್ಲಿ ಶುರುಮಾಡಿದ ಈ ಅಂಗಡಿ ತನ್ನ ಗೇಮುಗಳಿಗೆ ನಕಲು ತಡೆಯುವ ಡಿಆರ್‌ಎಂ ಬೀಗ ಹಾಕುವುದಿಲ್ಲ. ಇನ್‌ಸ್ಟಾಲರನ್ನೇ ಇಳಿಸಿಕೊಂಡು ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. ಕಾಗದದ ಮೇಲೆ ಜಿಓಜಿ ಕೊಡುವುದೂ ಪರವಾನಗಿಯನ್ನೇ. ಸ್ವಾಧೀನ ಮಾತ್ರ ನಮ್ಮ ಕೈಲಿರುತ್ತದೆ. ಶಾಶ್ವತವಾಗಿ ಇಳಿಸಿಕೊಂಡು ನೆಟ್ ಇಲ್ಲದೆ ಬಳಸಬಹುದಾದ ಸರಕಿಗೆ ಕ್ಯಾಲಿಫೋರ್ನಿಯದ ಕಾನೂನೂ ವಿನಾಯಿತಿ ಕೊಟ್ಟಿದೆ. ಜಿಓಜಿಯ ದೋಷಗಳು ಗೊತ್ತು: ಹೊಸ ಗೇಮುಗಳು ಕಡಿಮೆ, ಕೆಲವು ಗೇಮುಗಳ ಅಪ್‌ಡೇಟ್ ತಡ. ಸ್ಟೀಮ್‌ನಲ್ಲೂ ಬೀಗವಿಲ್ಲದ ಗೇಮುಗಳು ಅನೇಕ ಇವೆ. ಆದರೆ ಬೀಗ ಯಾವುದಕ್ಕಿದೆ, ಯಾವುದಕ್ಕಿಲ್ಲ? ಹೊರಗಿನವರ ಬೀಗವಾದರೆ ಗೇಮಿನ ಪುಟದಲ್ಲಿ ಹೇಳುತ್ತಾರೆ. ಸ್ಟೀಮ್‌ನ ಸ್ವಂತ ಬೀಗದ ಬಗ್ಗೆ ಒಂದು ಸಾಲೂ ಇಲ್ಲ. ಇಪ್ಪತ್ತು ವರ್ಷ ದಾಟಿದ ಅಂಗಡಿಗೆ ಇದೊಂದು ಸಾಲು ಬರೆಯಲು ಏನು ಕಷ್ಟ?

ನಮ್ಮ ಬೆಂಗಳೂರಿನಲ್ಲಿ ಯಾರಾದರೂ "ಮನೆ ತಗೊಂಡೆ" ಎಂದರೆ ಕೇಳಿದವರು ಅಭಿನಂದಿಸುವ ಮುಂಚೆ ಒಂದು ಪ್ರಶ್ನೆ ಹಾಕುತ್ತಾರೆ: "ಸ್ವಂತಕ್ಕಾ, ಲೀಸಿಗಾ?" 'ತಗೊಂಡೆ' ಎಂಬ ಪದ ಎರಡಕ್ಕೂ ಸಲ್ಲುತ್ತದೆ ಎಂದು ಅವರಿಗೆ ಗೊತ್ತು. ಸ್ಟೀಮ್‌ನಲ್ಲಿ ಐನೂರು ಗೇಮ್ ತಗೊಂಡಿದ್ದೇನೆ ಎನ್ನುವ ಗೆಳೆಯರಿಗೂ ಇನ್ನು ಮೇಲೆ ಇದೇ ಪ್ರಶ್ನೆ ಕೇಳಬೇಕು. ಲೀಸಿಗೆ ಎಂದು ಅವರು ಮುಖ ಸಣ್ಣ ಮಾಡಿದರೆ ಅದನ್ನೂ ತಿದ್ದಬೇಕು. ಲೀಸು ಮುಗಿದ ದಿನ ಮನೆ ಮಾಲೀಕರು ದುಡ್ಡು ವಾಪಸ್ ಕೊಡುತ್ತಾರೆ.