ಕಡಿವಾಣವಿಲ್ಲದ ಸಾರಥ್ಯ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ, ಪಾಠ ಮುಗಿದು ಗಂಟೆ ಬಾರಿಸಲು ಇನ್ನೂ ಸ್ವಲ್ಪ ಹೊತ್ತಿದ್ದಾಗ, ನಾವು ಎಂಟನೆಯ ತರಗತಿಯ ಮಕ್ಕಳಿಗೆ ಅಲಾಸ್ಕದ ನಾಯಿಬಂಡಿಗಳ ಓಟದ ಕಥೆಯನ್ನು ಹೇಳುತ್ತಿದ್ದೆವು. ಹಿಮವೆಂಬುದನ್ನು ಚಿತ್ರದಲ್ಲಲ್ಲದೆ ಬೇರೆಲ್ಲಿಯೂ ಕಾಣದ ಮಕ್ಕಳು. ಸಾವಿರ ಮೈಲಿಯ ದಾರಿ, ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿಳಿಯುವ ಚಳಿ, ಹತ್ತು ಹದಿನೈದು ನಾಯಿಗಳ ಹಿಂದೆ ಒಬ್ಬನೇ ಮನುಷ್ಯ—ಇಷ್ಟನ್ನು ಕೇಳಿ ಅವರ ಕಣ್ಣುಗಳು ಅರಳಿದವು. ಕಥೆ ಚೆನ್ನಾಗಿ ಸಾಗುತ್ತಿದೆಯೆಂದು ನಾವು ಒಳಗೊಳಗೆ ಹಿಗ್ಗುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, “ಅಷ್ಟು ದೂರ ಓಡಲು ಮನಸ್ಸುಂಟೋ ಎಂದು ನಾಯಿಗಳನ್ನು ಯಾರಾದರೂ ಕೇಳಿದ್ದಾರೋ, ಮಾಸ್ಟ್ರೇ?” ಎಂದನು. ಮಕ್ಕಳು ನಕ್ಕರು. ನಮಗೆ ಮಾತ್ರ ನಗು ಬರಲಿಲ್ಲ. ಏನೋ ಒಂದನ್ನು ಹೇಳಿ ಗಂಟೆಯ ಆಶ್ರಯವನ್ನು ಪಡೆದೆವು.

ಆ ಕಥೆಯನ್ನು ನಾವು ಆಯ್ದುದು ಗ್ಯಾರಿ ಪಾಲ್ಸನ್ ಎಂಬ ಅಮೆರಿಕದ ಲೇಖಕನ ‘ವುಡ್‌ಸಾಂಗ್’ ಎಂಬ ಆತ್ಮಕಥನದಿಂದ. ೧೯೩೯ರಲ್ಲಿ ಹುಟ್ಟಿ ೨೦೨೧ರಲ್ಲಿ ತೀರಿಕೊಂಡ ಈತನು ಎಳೆಯ ವಾಚಕರಿಗಾಗಿ ಹಲವು ಪುಸ್ತಕಗಳನ್ನು ಬರೆದು ಹೆಸರಾದವನು. ‘ವುಡ್‌ಸಾಂಗ್’ ಪ್ರಕಟವಾದುದು ೧೯೯೦ರಲ್ಲಿ. ಹುಡುಗನ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಗ್ರಂಥವನ್ನು ಇನ್ನೊಮ್ಮೆ ಓದಿದೆವು. ಮೊದಲ ಓದಿನಲ್ಲಿ ಕೇವಲ ಸಾಹಸಕಥನವಾಗಿ ತೋರಿದ್ದು ಎರಡನೆಯ ಓದಿನಲ್ಲಿ ಬೇರೊಂದಾಗಿ ತೋರಿತು. ಅದನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ಈ ಓಟದ ವಿಚಾರ. ‘ಇಡಿಟರಾಡ್’ ಎಂಬುದು ಇದರ ಹೆಸರು. ಅಲಾಸ್ಕದ ಆಂಕರೇಜ್ ಪಟ್ಟಣದಿಂದ ಬೇರಿಂಗ್ ಸಮುದ್ರದ ದಡದಲ್ಲಿರುವ ನೋಮ್ ಪಟ್ಟಣದವರೆಗಿನ ಈ ದೀರ್ಘ ಪಂದ್ಯವು ೧೯೭೩ರಲ್ಲಿ ಮೊದಲಾಯಿತು. ಹಿಮದ ಮೇಲೆ ಓಡುವ ಯಂತ್ರವಾಹನಗಳು ಬಂದು ಹಳ್ಳಿಹಳ್ಳಿಗಳಲ್ಲಿ ಬಂಡಿನಾಯಿಗಳು ಮರೆಯಾಗತೊಡಗಿದುದನ್ನು ಕಂಡು, ಜೋ ರೆಡಿಂಗ್ಟನ್ ಎಂಬಾತನು ಆ ವಿದ್ಯೆ ಅಳಿಯಬಾರದೆಂದು ಈ ಪಂದ್ಯವನ್ನು ಕಟ್ಟಲು ಮುಂದಾದನು. ಮೊದಲ ವರ್ಷ ಗೆದ್ದ ಡಿಕ್ ವಿಲ್ಮಾರ್ಥ್‌ನಿಗೆ ೨೦ ದಿನಗಳು ಹಿಡಿದವು. ಈಚಿನ ದಶಕಗಳಲ್ಲಿ ಗೆಲ್ಲುವವರು ಹೆಚ್ಚಾಗಿ ೮ರಿಂದ ೧೦ ದಿನಗಳಲ್ಲಿ ಗುರಿಯನ್ನು ಮುಟ್ಟುತ್ತಾರೆ. ಕಟ್ಟಕಡೆಗೆ ಬಂದವನಿಗೂ ‘ಕೆಂಪು ಲಾಂದ್ರ’ವೆಂಬ ಗೌರವವುಂಟು. ದಾರಿಯಲ್ಲಿ ಯಾರೂ ಉಳಿದಿಲ್ಲವೆಂದು ಖಚಿತವಾಗುವವರೆಗೆ ನೋಮ್‌ನಲ್ಲಿ ಒಂದು ದೀಪವು ಉರಿಯುತ್ತಿರುತ್ತದೆ.

ಈ ಬಂಡಿಯನ್ನು ನಡೆಸುವವನನ್ನು ನಾವು ‘ಸಾರಥಿ’ ಎಂದು ಕರೆಯೋಣ. ಆದರೆ ಆ ಮಾತನ್ನು ಬಳಸಿದೊಡನೆಯೇ ಒಂದು ಭೇದವು ಕಣ್ಣಿಗೆ ಬೀಳುತ್ತದೆ. ನಮ್ಮ ಪುರಾಣಗಳ ಸಾರಥಿಯು ರಥದ ಮುಂಭಾಗದಲ್ಲಿ ಕುಳಿತು ಕುದುರೆಗಳ ಕಡಿವಾಣವನ್ನು ಕೈಯಲ್ಲಿ ಹಿಡಿದಿರುತ್ತಾನೆ. ಈ ಸಾರಥಿಯಾದರೋ ಬಂಡಿಯ ಹಿಂದುಗಡೆ ಎರಡು ಜಾರುಪಟ್ಟಿಗಳ ಮೇಲೆ ನಿಂತಿರುತ್ತಾನೆ. ಅವನ ಕೈಯಲ್ಲಿ ಲಗಾಮಿಲ್ಲ. ಬಲಕ್ಕೆ ತಿರುಗಲು ಒಂದು ಕೂಗು, ಎಡಕ್ಕೆ ಇನ್ನೊಂದು ಕೂಗು. ಮುಂದಿನ ನಾಯಿ ಅದನ್ನು ಕೇಳಿ ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ. ನಾಯಕತ್ವವು ಮುಂದಿನ ನಾಯಿಯದು. ಹಿಂದೆ ನಿಂತವನಿಗೆ ಕಾಣುವುದು ನಾಯಿಗಳ ಬೆನ್ನುಗಳು ಮಾತ್ರ. ೧೯೭೮ರಲ್ಲಿ ಡಿಕ್ ಮ್ಯಾಕಿ ಮತ್ತು ರಿಕ್ ಸ್ವೆನ್ಸನ್ ಎಂಬಿಬ್ಬರು ಸಾವಿರ ಮೈಲಿ ಓಡಿಬಂದು ಒಂದೇ ಒಂದು ಸೆಕೆಂಡಿನ ಅಂತರದಲ್ಲಿ ಗುರಿ ಮುಟ್ಟಿದಾಗ, ಮುಂದಿನ ನಾಯಿಯ ಮೂಗು ಗೆರೆಯನ್ನು ದಾಟಿದುದೇ ಲೆಕ್ಕವೆಂದು ತೀರ್ಪಾಯಿತು, ಮ್ಯಾಕಿ ಗೆದ್ದನು. ಹಿಂದೆ ನಿಂತವನು ಎಲ್ಲಿದ್ದನೆಂಬುದು ಲೆಕ್ಕಕ್ಕೆ ಬರಲಿಲ್ಲ.

ಸಾರಥಿಯು ಹಿಂದೆ ನಿಲ್ಲುವ ಈ ಸ್ಥಾನವೇ ಪಾಲ್ಸನ್ನನ ಗ್ರಂಥದ ಕಣ್ಣು ಎಂದು ನಮ್ಮ ಅಭಿಪ್ರಾಯ. ಓಟಗಾರರು ಬರೆದ ಕಥೆಗಳಲ್ಲಿ ಸಾಮಾನ್ಯವಾಗಿ ‘ನಾನು’ ಎಂಬುದೇ ಮುಂದೆ ಓಡುತ್ತದೆ. ಇಲ್ಲಿ ಅದು ಹಿಂದೆ ಉಳಿದು ನೋಡುತ್ತದೆ. ಪಾಲ್ಸನ್ ಗೆದ್ದವನಲ್ಲವೆಂಬುದೂ ಇದಕ್ಕೆ ಸಹಾಯವಾಗಿರಬಹುದು. ಅವನು ೧೯೮೩ರಲ್ಲಿಯೂ ೧೯೮೫ರಲ್ಲಿಯೂ ಈ ಓಟದಲ್ಲಿ ಪಾಲ್ಗೊಂಡವನು. ೧೯೮೩ರಲ್ಲಿ ರಿಕ್ ಮ್ಯಾಕಿ ೧೨ ದಿನಗಳಲ್ಲಿ ಗೆದ್ದಿದ್ದರೆ, ಪಾಲ್ಸನ್ ನೋಮ್ ಮುಟ್ಟುವಾಗ ೧೭ ದಿನಗಳು ಕಳೆದಿದ್ದವು. ಗೆಲುವಿನ ಹೊರೆ ಇಲ್ಲದವನಿಗೆ ನೋಡುವುದಕ್ಕೆ ಬಿಡುವು ಸಿಕ್ಕಿತು.

ಗ್ರಂಥದ ಪೂರ್ವಾರ್ಧವು ಓಟದ ಕಥೆಯೇ ಅಲ್ಲ. ಮಿನ್ನೆಸೋಟದ ಉತ್ತರದ ಕಾಡಿನಲ್ಲಿ ಉರುಳು ಬೋನುಗಳನ್ನೊಡ್ಡಿ ಕಾಡುಪ್ರಾಣಿಗಳನ್ನು ಹಿಡಿದು ಜೀವಿಸುತ್ತಿದ್ದ ಬಡವನೊಬ್ಬನು ನಾಯಿಗಳಿಂದ ವಿದ್ಯೆ ಕಲಿತ ಕಥೆ ಅದು. ಹೆಪ್ಪುಗಟ್ಟಿದ ಕೆರೆಯ ಮೇಲೆ ತೋಳಗಳು ಜಿಂಕೆಯೊಂದನ್ನು ಜೀವಂತವಾಗಿ ಹರಿಯುವುದನ್ನು ಕಂಡು ಅವನು ತಲ್ಲಣಿಸುವುದೇ ಮೊದಲ ಪ್ರಸಂಗ. ಕಾಡನ್ನು ಬಲ್ಲೆನೆಂದು ನಂಬಿದ್ದವನಿಗೆ ತಾನು ಏನನ್ನೂ ಅರಿತಿಲ್ಲವೆಂಬ ಅರಿವು ಅಲ್ಲಿ ಆಗುತ್ತದೆ. ವೀರಕಥೆಯೊಂದು ಕಥಾನಾಯಕನ ಅಜ್ಞಾನದಿಂದ ಆರಂಭವಾಗುವುದು ವಿರಳ.

ಈ ಪೂರ್ವಾರ್ಧದ ಮುಕುಟಪ್ರಾಯವಾದ ಪ್ರಸಂಗವು ಬಹಳ ಚಿಕ್ಕದು. ಕೊಲಂಬಿಯಾ ಮತ್ತು ಓಲಾಫ್ ಎಂಬ ಎರಡು ನಾಯಿಗಳನ್ನು ಅಕ್ಕಪಕ್ಕದಲ್ಲಿ ಸರಪಣಿಗಳಿಂದ ಕಟ್ಟಿದೆ. ಕೊಲಂಬಿಯಾ ತನಗೆ ದೊರೆತ ಎಲುಬನ್ನು ಓಲಾಫನ ಕಡೆಗೆ ಮೆಲ್ಲಮೆಲ್ಲನೆ ತಳ್ಳುತ್ತದೆ; ಓಲಾಫನ ಸರಪಣಿಯು ಮುಗಿಯುವ ಸ್ಥಳವನ್ನು ಅಳೆದಂತೆ, ಅದಕ್ಕಿಂತ ಕೂದಲೆಳೆಯಷ್ಟು ಈಚೆಗೆ ಎಲುಬನ್ನು ನಿಲ್ಲಿಸುತ್ತದೆ. ಓಲಾಫ್ ಎಷ್ಟು ಹೆಣಗಿದರೂ ಎಲುಬು ಸಿಗದು. ಕೊಲಂಬಿಯಾ ಅದನ್ನು ನೋಡಿ ನಗುತ್ತದೆ—ಹೌದು, ನಗುತ್ತದೆಂದೇ ಲೇಖಕನು ಹೇಳುತ್ತಾನೆ. ಇಷ್ಟೇ ಪ್ರಸಂಗ. ಆದರೆ ನಾಯಿಯೊಂದು ವಿನೋದವನ್ನು ಹೂಡಬಲ್ಲುದಾದರೆ, ತನ್ನ ಬೋನಿಗೆ ಬೀಳುವ ಪ್ರಾಣಿಗಳಿಗೂ ಅಂಥ ಮನಸ್ಸು ಇರಬಹುದಲ್ಲವೆ ಎಂಬ ಯೋಚನೆ ಅವನನ್ನು ಹಿಡಿಯುತ್ತದೆ. ಅಂದಿನಿಂದ ಅವನು ಬೋನೊಡ್ಡುವ ಕಸುಬನ್ನು ತ್ಯಜಿಸುತ್ತಾನೆ. ಹಾಸ್ಯದಿಂದ ಆರಂಭವಾದ ಪ್ರಸಂಗವು ಕರುಣಕ್ಕೆ ತಿರುಗುವುದನ್ನು ಸಹೃದಯರು ಗಮನಿಸಬೇಕು. ಒಂದು ಉಪದೇಶವಾಕ್ಯದಿಂದ ಆಗದ ಪರಿವರ್ತನೆ ಒಂದು ಎಲುಬಿನ ಚೇಷ್ಟೆಯಿಂದ ಆಗುತ್ತದೆ.

ಇಲ್ಲಿ ಜಾಕ್ ಲಂಡನ್ನನ ನೆನಪು ಬರುವುದು ಸಹಜ. ೧೯೦೩ರಲ್ಲಿ ಪ್ರಕಟವಾದ ‘ದಿ ಕಾಲ್ ಆಫ್ ದಿ ವೈಲ್ಡ್’ ಎಂಬ ಅವನ ಕಾದಂಬರಿಯಲ್ಲಿ ಬಕ್ ಎಂಬ ಬಂಡಿನಾಯಿಯೇ ಕಥಾನಾಯಕ. ಚಿನ್ನದ ಆಸೆಯಿಂದ ಉತ್ತರಕ್ಕೆ ನುಗ್ಗಿದ ಅಜ್ಞಾನಿಗಳು ಬಂಡಿಗೆ ಅತಿಯಾದ ಭಾರವನ್ನು ಹೇರಿ ನಾಯಿಗಳನ್ನು ಹಸಿವಿನಿಂದ ಕೊಲ್ಲುವ ಭಾಗವನ್ನು ಓದಿದವರು ಮರೆಯಲಾರರು. ಲಂಡನ್ನನ ಶಕ್ತಿ ದೊಡ್ಡದು; ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಲಂಡನ್ ನಾಯಿಯ ಒಳಹೊಕ್ಕು, ಅದು ಏನನ್ನು ನೆನೆಯಿತು, ಏನನ್ನು ಬಯಸಿತು ಎಂದು ಬರೆಯುತ್ತಾನೆ. ಆ ಬಯಕೆಗಳು ಎಷ್ಟರಮಟ್ಟಿಗೆ ನಾಯಿಯವು, ಎಷ್ಟರಮಟ್ಟಿಗೆ ಲಂಡನ್ನನವು ಎಂದು ನಮಗೆ ಅನುಮಾನವಾಗುತ್ತದೆ. ಪಾಲ್ಸನ್ ಹೆಚ್ಚಿನ ಕಡೆಗಳಲ್ಲಿ ಹೊರಗೆ ನಿಂತು, ನಾಯಿ ಏನು ಮಾಡಿತೆಂಬುದನ್ನು ಬರೆಯುತ್ತಾನೆ. ಅದರ ಅರ್ಥವನ್ನು ತಾನು ತಡವಾಗಿ, ತಪ್ಪುತಪ್ಪಾಗಿ ಗ್ರಹಿಸಿದುದನ್ನು ಬರೆಯುತ್ತಾನೆ. ಮೊದಲನೆಯದು ನಾಯಿಯ ಪರವಾಗಿ ಆಡಿದ ಮಾತು. ಎರಡನೆಯದು ನಾಯಿಯ ಮಾತನ್ನು ಕೇಳಲು ಮಾಡಿದ ಪ್ರಯತ್ನ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಅದಕ್ಕೆ ಉತ್ತರವಿದ್ದರೆ ಸ್ಟಾರ್ಮ್ ಎಂಬ ನಾಯಿಯ ಕಥೆಯಲ್ಲಿ ಇರಬೇಕು. ಒಂದು ದಿನ ಓಡುತ್ತಿರುವಾಗ ಸ್ಟಾರ್ಮ್‌ನ ಮೈಯಿಂದ ರಕ್ತ ಹೋಗತೊಡಗುತ್ತದೆ, ಹಿಮವು ಕೆಂಪಾಗುತ್ತದೆ. ಗಾಬರಿಗೊಂಡ ಲೇಖಕನು ಅದನ್ನು ಬಂಡಿಯ ಮೇಲೆ ಮಲಗಿಸಿದರೆ ಅದು ಸುಮ್ಮನಿರದೆ ಮತ್ತೆ ಎಳೆಯುವುದಕ್ಕೇ ಹಂಬಲಿಸುತ್ತದೆ. ‘ನಾಯಿಗಳಿಗೆ ಓಟವೇ ಆನಂದ’ ಎಂದು ಓಟಗಾರರೆಲ್ಲರೂ ಹೇಳುವ ಮಾತಿಗೆ ಇದು ಸಾಕ್ಷಿ ಎನ್ನಬಹುದು. ನಮಗಾದರೋ ಈ ಸಾಕ್ಷಿಯು ಭಯವನ್ನು ಹುಟ್ಟಿಸಿತು. ರಕ್ತ ಸೋರುತ್ತಿದ್ದರೂ ನಿಲ್ಲಲರಿಯದ ಜೀವಿಯ ಉತ್ಸಾಹವನ್ನು ಸಮ್ಮತಿಯೆಂದು ತಿಳಿಯುವುದು ಎಷ್ಟು ಸುಲಭ! ನಿಲ್ಲಿಸಬೇಕಾದವನು ಹಿಂದೆ ನಿಂತವನೇ ಅಲ್ಲವೆ?

ಗ್ರಂಥವು ಇಲ್ಲಿಗೇ ನಿಂತಿದ್ದರೆ ಅದನ್ನು ಮಕ್ಕಳ ಕೈಗೆ ಕೊಡಲು ನಾವು ಹಿಂದೆಮುಂದೆ ನೋಡುತ್ತಿದ್ದೆವು. ಆದರೆ ಇದೇ ಸ್ಟಾರ್ಮ್‌ಗೆ ಒಂದು ಆಟವಿತ್ತು. ಓಡುವಾಗ ಅದು ಒಂದು ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು ಸಾರಥಿಗೆ ತೋರಿಸುತ್ತಿತ್ತು. ಎಲ್ಲವೂ ಸರಿಯಾಗಿದೆ ಎಂಬುದಕ್ಕೆ ಆ ಕಡ್ಡಿಯೇ ಗುರುತಾಯಿತು. ಒಮ್ಮೆ ಭಾರವೂ ದೂರವೂ ಮಿತಿಮೀರಿದಾಗ ಸ್ಟಾರ್ಮ್ ಕಡ್ಡಿಯ ಆಟವನ್ನು ನಿಲ್ಲಿಸಿಬಿಟ್ಟಿತು. ತಾನು ನಾಯಿಗಳನ್ನು ಹದಮೀರಿ ದುಡಿಸುತ್ತಿದ್ದೇನೆಂದು ಸಾರಥಿಗೆ ಆಗ ಅರಿವಾಯಿತು. ‘ಒಲ್ಲೆ’ ಎಂದು ಹೇಳಲು ನಾಯಿಗೆ ಬಾಯಿಲ್ಲ, ಆದರೆ ಕಡ್ಡಿಯಿತ್ತು. ಅದನ್ನು ಓದಬಲ್ಲವನು ಹಿಂದೆ ನಿಂತಿದ್ದನು. ಹೇಳದೆ ಬಿಟ್ಟುದರಲ್ಲಿಯೂ ಅರ್ಥವಿರುತ್ತದೆಂದು ನಮ್ಮ ಆಲಂಕಾರಿಕರು ಕಾವ್ಯದ ವಿಷಯದಲ್ಲಿ ಬಹುಕಾಲದ ಹಿಂದೆಯೇ ಹೇಳಿದ್ದಾರೆ. ಈ ಕಾಡಿನ ಮನುಷ್ಯನು ಅದನ್ನು ನಾಯಿಯ ಬಾಯಿಯ ಬರಿದುತನದಲ್ಲಿ ಕಂಡುಕೊಂಡನು. ಮುಂದೆ ಕುಕಿ ಎಂಬ ಮುಂದಾಳು ನಾಯಿಯು ಮಂಜುಗಡ್ಡೆ ಒಡೆದು ನೀರಿಗೆ ಬಿದ್ದ ಅವನನ್ನು ತಂಡವನ್ನೆಬ್ಬಿಸಿ ಎಳೆದು ಬದುಕಿಸುವ ಪ್ರಸಂಗವುಂಟು. ಅದು ರೋಮಾಂಚಕಾರಿ. ಆದರೂ ಕಡ್ಡಿಯ ಪ್ರಸಂಗವನ್ನೇ ನಾವು ಮೇಲೆಂದು ಎಣಿಸುತ್ತೇವೆ. ನಾಯಿ ಮನುಷ್ಯನನ್ನು ಉಳಿಸಿದ ಕಥೆಗಳು ಬಹಳ. ಮನುಷ್ಯನಿಗೆ ಬೇಡವೆಂದು ಹೇಳಿದ ನಾಯಿಯ ಕಥೆ ಅಪೂರ್ವ.

ಗುಣವನ್ನು ಹೇಳಿದ ಮೇಲೆ ದೋಷವನ್ನು ಮರೆಮಾಡಬಾರದು. ಉತ್ತರಾರ್ಧವು ಓಟದ ದಿನಚರಿ. ಹದಿನೇಳು ದಿನಗಳ ವರದಿ. ನಿದ್ದೆಗೆಟ್ಟ ಸಾರಥಿಯ ಕಣ್ಣಿಗೆ ಇಲ್ಲದ್ದೆಲ್ಲ ಕಾಣುವ ಭಾಗವು ಇಲ್ಲಿ ಸೊಗಸಾಗಿದೆ. ಉದ್ದನೆಯ ಕೋಟು ತೊಟ್ಟವನೊಬ್ಬನು ಬಂಡಿಯ ಮೇಲೆ ಬಂದು ಕುಳಿತು, ವಿದ್ಯಾಭ್ಯಾಸಕ್ಕೆ ಸರಕಾರವು ಕೊಡುವ ಅನುದಾನಗಳ ವಿಷಯವಾಗಿ ಬೇಸರ ಬರುವಂತೆ ಮಾತನಾಡುತ್ತಾನೆ! ಅಧ್ಯಾಪಕ ಬಂಧುಗಳು ಇದನ್ನು ಓದಿ ನಗದೆ ಇರಲಾರರು. ಆದರೆ ಈ ಭಾಗದಲ್ಲಿ ಪೂರ್ವಾರ್ಧದ ನಾಯಿಗಳ ಒಬ್ಬೊಬ್ಬರ ಮುಖವೂ ಮಸಕಾಗಿ, ‘ತಂಡ’ ಎಂಬ ಒಂದೇ ಮಾತಿನಲ್ಲಿ ಕರಗುತ್ತದೆ. ಓಟವು ಆರಂಭವಾದೊಡನೆ ನೋಡುವ ಬಿಡುವು ಕಡಮೆಯಾಯಿತೆಂದು ತೋರುತ್ತದೆ. ಕೊನೆಯಲ್ಲಿ ನೋಮ್ ಪಟ್ಟಣದ ಅಂಚಿಗೆ ಬಂದಾಗ, ಓಟವು ಮುಗಿಯಬೇಕೆಂಬ ಆಸೆಯೇ ಅವನಲ್ಲಿ ಉಳಿದಿರುವುದಿಲ್ಲ. ಈ ಭಾವವು ಸತ್ಯವಾದದ್ದು. ಗ್ರಂಥವನ್ನು ಮತ್ತೆ ಮೇಲೆತ್ತುತ್ತದೆ.

ಎರಡನೆಯದಾಗಿ, ಆ ದಾರಿಯ ಜನ. ಈ ಓಟಗಾರರು ಹಾದುಹೋಗುವ ಊರುಗಳಲ್ಲಿ ಹಲವು ಅಥಬಾಸ್ಕನ್ ಮತ್ತು ಇನ್ಯೂಪಿಯಾಟ್ ಜನರ ಊರುಗಳು. ನಾಯಿಬಂಡಿಯು ಅವರ ಪೂರ್ವಜರ ವಿದ್ಯೆ. ೧೯೨೫ರಲ್ಲಿ ನೋಮ್‌ನಲ್ಲಿ ಗಂಟಲಮಾರಿ ಕಾಣಿಸಿಕೊಂಡಾಗ ನೆನಾನದಿಂದ ೬೭೪ ಮೈಲಿ ದೂರ ಔಷಧವನ್ನು ಕೈಯಿಂದ ಕೈಗೆ ದಾಟಿಸಿ ಐದೂವರೆ ದಿನಗಳಲ್ಲಿ ಮುಟ್ಟಿಸಿದ ೨೦ ಸಾರಥಿಗಳಲ್ಲಿ ಹೆಚ್ಚಿನವರು ಈ ಮೂಲನಿವಾಸಿಗಳು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಪ್ರತಿಮೆ ನಿಂತುದು ಕೊನೆಯ ಹಂತದಲ್ಲಿ ಓಡಿದ ಬಾಲ್ಟೊ ಎಂಬ ನಾಯಿಗೆ. ಎಲ್ಲರಿಗಿಂತ ಹೆಚ್ಚು ದೂರವನ್ನು ಓಡಿದ ಟೋಗೊ ಮತ್ತು ಅದರ ಸಾರಥಿ ಲಿಯೊನಾರ್ಡ್ ಸೆಪ್ಪಾಲ ಆಗ ಹಿಂದೆ ಸರಿದರು. ಮೂಲನಿವಾಸಿ ಸಾರಥಿಗಳ ಹೆಸರಂತೂ ಇನ್ನೂ ಹಿಂದೆ ಉಳಿಯಿತು. ನಾಯಿಯ ಮೌನವನ್ನು ಅಷ್ಟು ಸೂಕ್ಷ್ಮವಾಗಿ ಓದಿದ ಪಾಲ್ಸನ್ನನ ಗ್ರಂಥದಲ್ಲಿ ಕೂಡ ಈ ಜನರು ದಾರಿಯಲ್ಲಿ ಕಂಡು ಮರೆಯಾಗುವವರು ಮಾತ್ರ. ಎಸ್ಕಿಮೊ ಹುಡುಗನೊಬ್ಬನನ್ನು ನಾಯಕನನ್ನಾಗಿಸಿ ಅವನು ೧೯೮೫ರಲ್ಲಿ ‘ಡಾಗ್‌ಸಾಂಗ್’ ಎಂಬ ಕಾದಂಬರಿಯನ್ನು ಬರೆದಿದ್ದನೆಂಬುದು ನಿಜ. ಆದುದರಿಂದಲೇ ಇಲ್ಲಿಯ ಕೊರತೆಯು ನಮ್ಮನ್ನು ಹೆಚ್ಚು ಕಾಡುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಠಿನವಾದುದು. ಈ ಪಂದ್ಯದಲ್ಲಿ ನಾಯಿಗಳು ಸತ್ತಿವೆ. ಒಂದೂ ಸಾಯದೆ ಮುಗಿದ ವರ್ಷಗಳುಂಟು. ೨೦೨೪ರಲ್ಲಿ ಮೂರು ಸತ್ತವು. ದಾರಿಯ ತಂಗುದಾಣಗಳಲ್ಲಿ ಪಶುವೈದ್ಯರು ನಾಯಿಗಳನ್ನು ಪರೀಕ್ಷಿಸುತ್ತಾರೆ. ದಣಿದ ನಾಯಿಗಳನ್ನು ಅಲ್ಲಿಯೇ ಬಿಟ್ಟು ಮುಂದುವರಿಯಬಹುದು. ಒಮ್ಮೆ ಇಪ್ಪತ್ತನಾಲ್ಕು ಗಂಟೆಗಳ, ಎರಡು ಬಾರಿ ಎಂಟು ಗಂಟೆಗಳ ವಿಶ್ರಾಂತಿ ಕಡ್ಡಾಯ. ಈ ನಿಯಮಗಳು ಒಳ್ಳೆಯವು. ಆದರೆ ಪಂದ್ಯವೆಂದ ಮೇಲೆ ಗಡಿಯಾರವಿದೆ. ಗಡಿಯಾರಕ್ಕೆ ಕಡ್ಡಿಯ ಭಾಷೆ ತಿಳಿಯದು. ಪೂರ್ವಾರ್ಧದಲ್ಲಿ ಸ್ಟಾರ್ಮ್‌ನಿಂದ ಕಲಿತ ಪಾಠವು ಪಂದ್ಯದ ವೇಗದಲ್ಲಿ ಎಷ್ಟು ಕಾಲ ನಿಲ್ಲಬಲ್ಲುದೆಂಬ ಪ್ರಶ್ನೆಯನ್ನು ಲೇಖಕನು ಎದುರಿಸಬೇಕಿತ್ತು, ಎದುರಿಸಲಿಲ್ಲ.

ಇಷ್ಟೆಲ್ಲ ದೋಷಗಳಿದ್ದರೂ ಈ ಗ್ರಂಥವನ್ನು ತರಗತಿಯಲ್ಲಿ ಕನ್ನಡಿಸಿ ಹೇಳುವುದಕ್ಕೆ ತಕ್ಕುದೆಂದೇ ನಾವು ಅಧ್ಯಾಪಕರಿಗೆ ಶಿಫಾರಸು ಮಾಡುತ್ತೇವೆ. ಹಿಮಗಾಳಿಯ ವರ್ಣನೆಯಿಂದ ಆರಂಭಿಸುವುದು ಬೇಡ; ಕೊಲಂಬಿಯಾದ ಎಲುಬಿನಿಂದ ಆರಂಭಿಸಿ, ಸ್ಟಾರ್ಮ್‌ನ ಕಡ್ಡಿಗೆ ಬಂದು, ಆಮೇಲೆ ಓಟಕ್ಕೆ ಹೋಗಬೇಕು. ನಾವು ಮೊದಲ ಸಲ ಮಾಡಿದ ತಪ್ಪು ಓಟದಿಂದ ಆರಂಭಿಸಿದುದು.

ಎರಡನೆಯ ಸಲ ಹಾಗೆಯೇ ಹೇಳಿದೆವು. ಕಡ್ಡಿಯ ಪ್ರಸಂಗವು ಮುಗಿದಾಗ ಹಿಂದಿನ ಬೆಂಚಿನ ಅದೇ ಹುಡುಗನ ಕಡೆಗೆ ನೋಡಿ, “ಈಗ ಉತ್ತರ ಸಿಕ್ಕಿತೇ?” ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, “ಈ ಮಾಸ್ಟ್ರಿಗೆ ಕಡ್ಡಿ ಕಂಡಿತು. ಕಡ್ಡಿ ಹಿಡಿಯಲು ಬಾರದ ನಾಯಿಗಳು ಏನು ಮಾಡುವುದು?” ಎಂದನು. ಸಾರಥಿಯನ್ನು ಅವನು ಮಾಸ್ಟ್ರೆಂದು ಕರೆದುದು ಬಾಯಿತಪ್ಪಿಯೋ ಬೇಕೆಂದೋ ನಾವು ವಿಚಾರಿಸಲಿಲ್ಲ. ಆ ದಿನ ಹಾಜರಿ ಪುಸ್ತಕವನ್ನು ತೆರೆದಾಗ, ತರಗತಿಯಲ್ಲಿ ಒಂದು ಮಾತನ್ನೂ ಆಡದ ಮಕ್ಕಳ ಹೆಸರುಗಳನ್ನು ನಾವು ಒಂದೊಂದಾಗಿ ಓದಿದೆವು.